ಮುಂದಿನವನ ಒಂದು ಉಸಿರು

ಒಂದು ವೇಳೆ ಕೇಳಿಬಿಟ್ಟರೆ, ಏನಮ್ಮಾ ನೀನು ಯಾವತ್ತಾದರೂ ಹೆಲಿಕಾಪ್ಟರ್ ಹತ್ತಿದೀಯಾ ಅಂತ ಆ ಪೈಲಟ್ ಸಾಹೇಬರು ಇತ್ತ ತಿರುಗಿ ಕೇಳಿಬಿಟ್ಟರೆ ಏನು ಹೇಳುವುದು, ಪಾರ್ಕಿನ ಜೋಕಾಲಿ ಹತ್ತಿದೀನಿ ಸಾರ್, ಅದರಲ್ಲೂ ವಾಂತಿ ಮಾಡ್ಕೊಂಡೆ ಅನ್ನುವುದೇ — ಬೇಡಪ್ಪಾ, ಅವರು ತಿರುಗದಿರಲಿ, ಅವರ ಬೋಳುತಲೆಯ ಮೇಲೆ ಪರದೆಯ ಹಸಿರು ಹೀಗೇ ಜಾರುತ್ತಿರಲಿ. ಬೂಟು ಕಳಚಿಟ್ಟಿದ್ದಾರೆ, ಕಾಲುಚೀಲದ ಪಾದಗಳು ಪೆಡಲುಗಳ ಮೇಲೆ ನಿದ್ದೆಗೆ ಜಾರುವ ಮಗುವನ್ನು ತಟ್ಟುವ ಹಾಗೆ ಆಡುತ್ತಿವೆ, ನಿಜವಾದ ಆಕಾಶದಲ್ಲಿ ನಿಜವಾದ ಯುದ್ಧ ಹೆಲಿಕಾಪ್ಟರ್ ಹಾರಿಸಿದ ಪಾದಗಳು, ಈಗ ನಿವೃತ್ತವಾಗಿ ಇವಳ ಕಂಪನಿಯ ಕಂಪ್ಯೂಟರ್ ಆಟವನ್ನು ಪರೀಕ್ಷಿಸಲು ಬಂದಿವೆ, ಮತ್ತು ಅವರ ಎದುರು, ಪರದೆಯೊಳಗೆ, ಮುಂದಿನ ಸೀಟಿನಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಕೂತಿರುವವನು ಇವಳವನು.

ಮುಂದಿನವನು — ಡೈರಿಯಲ್ಲಿ ಅವಳು ಅವನನ್ನು ಕರೆಯುವುದೇ ಹಾಗೆ. ಹಿಂದಿನ ಸೀಟಿನಲ್ಲಿ ಮನುಷ್ಯ, ಮುಂದಿನದರಲ್ಲಿ ಯಂತ್ರದ ಬುದ್ಧಿ, ಹುಡುಕುವುದು ಹೊಡೆಯುವುದು ಅವನ ಕೆಲಸ, ಅವನಿಗೆ ಹೇಗೆ ಹೇಳಬೇಕು, ಅವನು ಹೇಗೆ ಮಾರುತ್ತರ ಕೊಡಬೇಕು, ಅದಷ್ಟೂ ಇವಳ ಕೆಲಸ. ಮೊದಲು ಮಾರುದ್ದದ ಪಟ್ಟಿ ಇತ್ತು, ಆಜ್ಞೆ ಹುಡುಕಿ ಮುಗಿಸುವುದರೊಳಗೆ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿಯುತ್ತಿತ್ತು, ಇವಳು ಅದನ್ನೆಲ್ಲ ಕಿತ್ತು ಹೆಬ್ಬೆರಳಿನ ಗುಂಡಿಯೊಂದರಲ್ಲಿ ನಾಲ್ಕೇ ಮಾತು ಇಟ್ಟಳು, ಮೇಲಕ್ಕೆ ತಳ್ಳಿದರೆ ನೋಡು, ಕೆಳಗೆ ತಡಿ, ಎಡಕ್ಕೆ ಗುರಿ ಹಿಡಿ, ಬಲಕ್ಕೆ ಹೊಡಿ. ಸಾಕಲ್ಲ, ಅದಕ್ಕಿಂತ ಹೆಚ್ಚು ಮಾತು ಅವಳಿಗೂ ಬೇಕಾಗಿಲ್ಲ ಇಷ್ಟು ವರ್ಷ. ಮೌನ ಬಂಗಾರ ಅಂತಾರೆ, ಆದ್ರೆ ಆ ಬಂಗಾರ ನೋಡಿ ಯಾವ ಗಂಡೂ ಒಪ್ಪಲ್ಲ ಕಣೇ, ದೊಡ್ಡಮ್ಮ ನಕ್ಕು ಅಂದದ್ದು, ನೋಡೋಕೆ ಬಂದವರು ಹೆಸರು ಕೇಳಿದರೂ ಯೋಚನೆ ಮಾಡಿ ಹೇಳ್ತಾಳೆ ನಮ್ಮ ಹುಡುಗಿ, ಮರೆತುಹೋಗಿದೆಯೇನೋ ಅನ್ನೋ ಹಾಗೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ.

ತಡ. ಅಪ್ಪ ಕಾರು ಹೊಡೆಯುವಾಗ ಪಕ್ಕದಲ್ಲಿ ಚಿಕ್ಕಪ್ಪ ಇದ್ದರೆ, ಎಡಗಡೆ ಖಾಲಿನೇನೋ ಅಂತ ಅಪ್ಪ ಕೇಳಿ ಮುಗಿಸುವ ಮೊದಲೇ, ಖಾಲಿ ಖಾಲಿ ಹೊಡಿ ಅಣ್ಣಾ, ಕಣ್ಣು ಮಾತ್ರ ಮೊಬೈಲಿನಲ್ಲಿ, ಒಂದು ಸಲ ಹಾಲಿನ ವ್ಯಾನು ಬಾಗಿಲನ್ನೇ ಸವರಿಕೊಂಡು ಹೋಯಿತು, ಕಣ್ಣಿದ್ದೂ ಕುರುಡ ಕಣೋ ನೀನು, ಇನ್ಮೇಲೆ ಹಿಂದೆ ಬಿದ್ಕೊಂಡಿರು ಅಂತ ಅಪ್ಪನ ಬೈಗುಳ — ಪಕ್ಕದಲ್ಲಿ ಅಮ್ಮ ಕೂತಿದ್ದರೆ ಬೇರೆ. ಕೇಳಿದ ಮೇಲೆ ಒಂದು ಉಸಿರು ಸುಮ್ಮನೆ, ಅವಳ ಕತ್ತು ಎಡಕ್ಕೆ ತಿರುಗುತ್ತದೆ, ಕಿವಿಯೋಲೆ ಅಲ್ಲಾಡಿ ನಿಲ್ಲುತ್ತದೆ, ಆಮೇಲೆ, ಹೂಂ, ಹೋಗಿ. ಆ ಒಂದು ಉಸಿರನ್ನು ನಂಬಿ ಇವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದಳು. ಅದನ್ನೇ ತಂದು ಮುಂದಿನವನಿಗೆ ಕೊಟ್ಟಳು, ನೋಡು ಅಂದರೆ ಹೆಲ್ಮೆಟ್ಟು ನಿಧಾನ ತಿರುಗಬೇಕು, ಒಂದು ಉಸಿರು, ಆಮೇಲಷ್ಟೇ ಮಾತು, ಕಂಡಿದ್ದರೆ ಕಂಡಿತು, ಕಾಣದಿದ್ದರೆ ಕಾಣಲಿಲ್ಲ. ಎಷ್ಟು ಸಲ ತಿದ್ದಿದಳು, ಚೂರು ಹೆಚ್ಚಾದರೆ ಪೆದ್ದನ ಹಾಗೆ, ಚೂರು ಕಡಿಮೆಯಾದರೆ ಚಿಕ್ಕಪ್ಪನ ಹಾಗೆ, ಕೊನೆಗೆ ಒಂದು ಮಧ್ಯಾಹ್ನ ಅದು ಸರಿಯಾಗಿ ಕೂತಾಗ ಅವಳಿಗೆ ಎದ್ದು ಕುಣಿಯಬೇಕೆನಿಸಿತು, ಎದ್ದು ನೀರು ಕುಡಿದು ಬಂದಳು. ತಂಡದ ಮುಖ್ಯಸ್ಥ ಗಡಿಬಿಡಿಗೆ ಹೇಳಲು ಹೋದಳು — ಗಡಿಬಿಡಿ ಅವಳೇ ಇಟ್ಟ ಅಡ್ಡಹೆಸರು, ಲಿಫ್ಟಿನ ಗುಂಡಿ ಒತ್ತಿದ ಮೇಲೂ ಒತ್ತುತ್ತಲೇ ಇರುವವನು — ಆಮೇಲೆ ಆಮೇಲೆ, ಓಡ್ತಿದೆ ತಾನೆ, ಅಷ್ಟು ಸಾಕು, ಅಂತ ಹೊರಟೇ ಹೋದ.

ಈಗ ಸಾಹೇಬರು ಗುಡ್ಡದ ಮರೆಯಿಂದ ಮೇಲೇಳುತ್ತಿದ್ದಾರೆ, ಅಬ್ಬಾ ಆ ಕೈ, ಬೆಣ್ಣೆಯಿಂದ ಕೂದಲೆಳೆದ ಹಾಗೆ, ನೋಡಪ್ಪಾ ಆ ಮರಗಳ ಹಿಂದೆ ಯಾರಿದಾರೆ, ಅನ್ನುತ್ತ ಅವರ ಹೆಬ್ಬೆರಳು ಮೇಲಕ್ಕೆ. ಹೆಲ್ಮೆಟ್ಟು ತಿರುಗುತ್ತದೆ. ಒಂದು ಉಸಿರು. ಲಾರಿ ಇದೆ, ಯಾರದೋ ಗೊತ್ತಾಗ್ತಿಲ್ಲ, ಅನ್ನುತ್ತಾನೆ ಮುಂದಿನವನು, ಅವಳ ಎದೆ ಉಬ್ಬುತ್ತದೆ, ಗೊತ್ತಾಗ್ತಿಲ್ಲ ಅನ್ನೋದನ್ನ ಎಷ್ಟು ಚೆನ್ನಾಗಿ ಹೇಳ್ದ ನೋಡು, ಯಾವ ನಾಚಿಕೆಯೂ ಇಲ್ಲದೆ. ಸಾಹೇಬರ ಹೆಬ್ಬೆರಳು ಮೇಲಕ್ಕೆ. ಮತ್ತೆ, ನೋಡು. ಹೆಲ್ಮೆಟ್ಟು ತಿರುಗುತ್ತದೆ. ಒಂದು ಉಸಿರು. ಸಾಹೇಬರು ಆಟ ನಿಲ್ಲಿಸಿ ಗಡಿಬಿಡಿಯತ್ತ ತಿರುಗುತ್ತಾರೆ, ಅಲ್ರೀ, ಇವನು ಕೇಳಿದ ಕೂಡ್ಲೇ ಉತ್ತರ ಕೊಡಲ್ವಲ್ಲ, ಯಾಕೆ?

ಅಯ್ಯೋ ಅದಾ ಸಾರ್, ಅದೊಂದು ದೋಷ, ಯಂತ್ರ ಸ್ವಲ್ಪ ನಿಧಾನ, ಸಂಜೆಯೊಳಗೆ ತೆಗೆಸಿಹಾಕ್ತೀನಿ, ಗಡಿಬಿಡಿ ಆಗಲೇ ಇವಳ ಕಡೆ ಬೆರಳು ಆಡಿಸುತ್ತಿದ್ದಾನೆ, ಬರ್ಕೋಮ್ಮಾ, ಆ ತಡ ತೆಗಿಬೇಕು. ತೆಗೆಯುವುದೇನು ಕಷ್ಟ, ಒಂದು ಸಾಲು ಅಳಿಸಿದರೆ ಮುಗಿಯಿತು, ಹೆಲ್ಮೆಟ್ಟು ತಿರುಗುವ ಮೊದಲೇ ಉತ್ತರ ಬರುತ್ತದೆ, ಖಾಲಿ ಖಾಲಿ ಹೊಡಿ ಅಣ್ಣಾ, ಸಾಹೇಬರಿಗೆ ಇಷ್ಟವಾಗಲೂಬಹುದು, ಪೆನ್ನು ಕೈಯಲ್ಲಿದೆ, ಸರಿ ಸಾರ್ ಅನ್ನುವುದು ನಾಲಿಗೆಯ ತುದಿಯಲ್ಲಿದೆ, ಹುಟ್ಟಿದಾಗಿನಿಂದ ಅಲ್ಲೇ ಇದೆ — ಪರದೆಯಲ್ಲಿ ಅವನು ಅರ್ಧ ತಿರುಗಿ ನಿಂತುಬಿಟ್ಟಿದ್ದಾನೆ, ಹೆಲ್ಮೆಟ್ಟು, ಮರಗಳು, ಹೆಲ್ಮೆಟ್ಟು, ಕೋಣೆಯಲ್ಲಿ ಎಲ್ಲರೂ ಅವಳನ್ನೇ ಕಾಯುತ್ತಿದ್ದಾರೆ, ಕಾಯಲಿ, ಹೆಲ್ಮೆಟ್ಟು —

ದೋಷ ಅಲ್ಲ ಸಾರ್, ಎಂದಳು, ಅವನು ನೋಡ್ತಿದಾನೆ. ಆ ತಡ ನಾನೇ ಇಟ್ಟಿದ್ದು.