ಮೇಲಿನ ಚೌಕ

ಮನುಕುಲದ ಮುಂದಿರುವ ಘನಗಂಭೀರ ಪ್ರಶ್ನೆಗಳಲ್ಲಿ ಇದೂ ಒಂದು: ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ತಾರೀಖು ಬರೆಯುವ ಎರಡು ಚೌಕಗಳಲ್ಲಿ ಮೇಲಿನದು ಯಾರದು? ಎರಡು ವರ್ಷಗಳಿಂದ ಇದೇ ವಿಷಯಕ್ಕೆ ವಾರ್ಡಿನ ನರ್ಸಮ್ಮನೂ ಲ್ಯಾಬಿನವನೂ ಹಾವು ಮುಂಗುಸಿ. ಕೊನೆಗೆ ಮೇಲಿನದನ್ನು ಲ್ಯಾಬಿನವನು ಗೆದ್ದುಕೊಂಡ. ಕೆಳಗಿನದರಲ್ಲಿ ಬರೆಯುವುದು ತನ್ನ ಅಂತಸ್ತಿಗೆ ಕಡಿಮೆಯೆಂದು ನರ್ಸಮ್ಮ ಅದನ್ನು ಖಾಲಿ ಬಿಡತೊಡಗಿದಳು.

ಭಾನುವಾರ ರೈಲಿಳಿದು ಬಂದ ಅಕ್ಕ ಮರುದಿನ ಅಂಥ ಎರಡು ಚೀಟಿಗಳನ್ನು ಹಿಡಿದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಮೈಯೊಳಗೆ ವೈರಸ್ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದೇ ಅವಳ ಉದ್ಯೋಗ. ಈ ಸಲ ಮೈ ತಮ್ಮನದು. ಬಸ್ ಓಡಿಸುವವನು, ಅಮ್ಮ ಕೊಟ್ಟ ಕಿಡ್ನಿ ಅವನೊಳಗೆ ಕೂತು ಐದು ತಿಂಗಳಾಗಿತ್ತು. ಮೈ ಅದನ್ನು ಹೊರದಬ್ಬದಂತೆ ತಡೆಯಲು ಒಂದು ಮಾತ್ರೆ. ಮಾತ್ರೆಯಿಂದ ಮೈಯ ಕಾವಲು ಸಡಿಲವಾದದ್ದೇ ತಡ, ವೈರಸ್ ಎದ್ದಿತ್ತು. ಅದಕ್ಕೆ ಇನ್ನೊಂದು ಔಷಧಿ ನಡೆದಿತ್ತು.

“ಒಳಗೆ ಸೀಟಿಲ್ಲ, ಹಿಂದಿನ ಬಸ್ಸಿಗೆ ಬನ್ನಿ ಅಂತ ಹೇಳಕ್ಕ ಅವಕ್ಕೆ,” ಎಂದ ತಮ್ಮ, ಜ್ವರದಲ್ಲೇ.

ಸೋಮವಾರ ಸಂಜೆ ಡಾಕ್ಟರು ಬಂದರು. “ನೀವೇ ಹೇಳಿ ಮೇಡಂ. ಔಷಧಿ ಹಿಡೀತಿದ್ರೆ ವೈರಸ್ ಎರಡು ದಿನಕ್ಕೆ ಅರ್ಧ ಆಗ್ಬೇಕು. ಆಗ್ತಿಲ್ಲ ಅಂದ್ರೆ ಮಾತ್ರೆ ನಿಲ್ಲಿಸ್ತೀನಿ. ಕಿಡ್ನಿ ಹೋದ್ರೂ ಜೀವ ಉಳೀಲಿ.”

ಗುರುವಾರದ ಚೀಟಿ: ಎಂಬತ್ತು ಸಾವಿರ. ಸೋಮವಾರದ್ದು: ನಲವತ್ತು ಸಾವಿರ. ಅರ್ಧವಾಗಲು ನಾಲ್ಕು ದಿನ. ಅಕ್ಕ ಮೂರು ಸಲ ಲೆಕ್ಕ ಹಾಕಿದಳು. ಮೂರು ಸಲವೂ ನಾಲ್ಕೇ ಬಂತು. ಲೆಕ್ಕಕ್ಕೆ ದಾಕ್ಷಿಣ್ಯವಿಲ್ಲ.

ಅಮ್ಮ ಸೊಂಟದ ಹೊಲಿಗೆಯ ಮೇಲೆ ಕೈಯಿಟ್ಟು, “ಇನ್ನೊಂದು ದಿನ ನೋಡ್ಬಾರ್ದೇನೇ?” ಎಂದಳು.

“ನೋಡ್ತಾ ಕೂತ್ರೆ ಶ್ವಾಸಕೋಶಕ್ಕೆ ಇಳಿಯತ್ತಮ್ಮ.”

“ಓದಿದವಳು ನೀನು. ನಿನಗೆ ಗೊತ್ತಿರತ್ತೆ ಬಿಡು.”

ಮಾತ್ರೆ ನಿಂತಿತು.

ಶುಕ್ರವಾರದ ಚೀಟಿಯಲ್ಲಿ ಐದು ಸಾವಿರ. ಅಕ್ಕ ಎಳೆದ ಗೆರೆಯ ಪ್ರಕಾರ ಇಪ್ಪತ್ತು ಸಾವಿರವಿರಬೇಕಿತ್ತು.

“ಇಳೀತಲ್ಲೇ, ಮತ್ತೆ ಮುಖ ಯಾಕೆ ಹಾಗೆ?” ಎಂದಳು ಅಮ್ಮ.

ಮಾತ್ರೆ ನಿಂತ ನಾಲ್ಕೇ ದಿನಕ್ಕೆ ಮೈಯ ಕಾವಲು ಇಷ್ಟು ಚುರುಕಾಗುವುದಿಲ್ಲ. ಅಕ್ಕ ಲ್ಯಾಬಿಗೆ ಓಡಿದಳು.

“ಮೇಲಿನ ಚೌಕ ನಮ್ದು ಮೇಡಂ. ಸ್ಯಾಂಪಲ್ ನಮ್ಮ ಕೈಗೆ ಬಂದ ದಿನ,” ಎಂದ ಲ್ಯಾಬಿನವನು, ತೀರ್ಪು ಕೊಡುವವನಂತೆ. “ಸೋಮವಾರದ್ದು ಅಂತೀರಲ್ಲ, ಆ ರಕ್ತ ತೆಗೆದಿದ್ದು ಶನಿವಾರ. ಅಷ್ಟರಲ್ಲಿ ಲ್ಯಾಬಿಗೆ ಬೀಗ. ಎರಡು ದಿನ ವಾರ್ಡಿನ ಫ್ರಿಜ್ಜಲ್ಲೇ ಇತ್ತು. ತೆಗೆದ ದಿನ ಕೆಳಗೆ ಬರೀರಿ ಅಂತ ನರ್ಸಮ್ಮಂಗೆ ಸಾವಿರ ಸಲ ಹೇಳಿದೀನಿ.”

ಗುರುವಾರದಿಂದ ಶನಿವಾರಕ್ಕೆ ಎರಡು ದಿನ. ಔಷಧಿ ಮೊದಲಿನಿಂದಲೂ ಹಿಡಿದಿತ್ತು. ಶನಿವಾರ ರಕ್ತ ತೆಗೆಯುವಾಗ ಅಮ್ಮ ಮಗನ ಇನ್ನೊಂದು ಕೈ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಮಾತ್ರೆ ಅವತ್ತೇ ಮತ್ತೆ ಶುರುವಾಯಿತು. ಅಷ್ಟರಲ್ಲಿ ಮೈ ಕಿಡ್ನಿಯ ಮೇಲೆ ತಿರುಗಿಬಿದ್ದಿತ್ತು. ಒಂಬತ್ತನೆಯ ದಿನ ಮೂತ್ರ ನಿಂತಿತು. ಮರುವಾರ ಕಿಡ್ನಿಯನ್ನು ತೆಗೆದರು.