ಏಳು ಗಂಟೆಯ ಮಗಳು

ಕಾಲೇಜಿನಲ್ಲಿ ಹುಡುಗರು ಅವಳಿಗೆ ಇಟ್ಟ ಹೆಸರು ಫ್ರೇಮ್ ಮೇಡಂ. ಸಿನಿಮಾ, ಟೀವಿಗಳಲ್ಲಿ ಅರ್ಥ ಎಂಬುದು ಹೇಗೆ ಹುಟ್ಟುತ್ತದೆ ಎಂದು ಪಾಠ ಮಾಡುವುದು ಅವಳ ಕೆಲಸ. ಯಾವ ದೃಶ್ಯ ಹಾಕಿದರೂ ಅರ್ಧಕ್ಕೇ ನಿಲ್ಲಿಸಿ, "ಫ್ರೇಮಿನ ಒಳಗೆ ಏನಿದೆ ಅಂತ ಎಳೇ ಮಕ್ಕಳೂ ಹೇಳ್ತವೆ. ಹೊರಗೆ ಯಾರನ್ನ ಬಿಟ್ಟಿದ್ದಾರೆ, ಅದನ್ನ ಹೇಳಿ" ಎನ್ನುವಳು. ಹುಡುಗರು ಕ್ಯಾಂಟೀನಿನಲ್ಲಿ ಟೀ ಲೋಟ ಎತ್ತಿ ಹಿಡಿದು, "ಲೋಟದ ಒಳಗೆ ಏನಿದೆ ಅನ್ನೋದು ಬಿಡ್ರೋ, ಹೊರಗೆ ನಿಂತು ದುಡ್ಡು ಕೊಡೋನು ಯಾರು ಹೇಳ್ರೋ" ಎಂದು ಅಣಕಿಸುವರು. ಅದು ಅವಳ ಕಿವಿಗೂ ಬಿದ್ದಿತ್ತು, ಅವಳೂ ನಕ್ಕಿದ್ದಳು. ಆಗಿನ್ನೂ ನಗು ಬರುತ್ತಿದ್ದ ಕಾಲ.

ಆ ಕೆಲಸ ಸಿಕ್ಕಿದ್ದೇ ಅಮ್ಮನ ದೆಸೆಯಿಂದ. ಪಿಎಚ್‌ಡಿ ಮಾಡುವಾಗ ಧಾರಾವಾಹಿ ನೋಡುವ ಹೆಂಗಸರನ್ನು ಮಾತಾಡಿಸಲು ಅವಳು ಮನೆ ಮನೆ ಅಲೆದಿದ್ದಳು. ದಪ್ಪ ದಪ್ಪ ಪುಸ್ತಕಗಳೆಲ್ಲ, ನೋಡುವವರು ಪೆದ್ದರು, ತೋರಿಸಿದ್ದನ್ನೆಲ್ಲ ನಿಜವೆಂದು ನುಂಗುತ್ತಾರೆ ಎನ್ನುತ್ತಿದ್ದವು. ಇವಳಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆದರೆ ಅಲ್ಲಗಳೆಯಲು ತಕ್ಕ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಕೊನೆಗೆ ಮನೆಯಲ್ಲೇ, ಹೊಲಿಗೆ ಮೆಷಿನ್ ತುಳಿಯುತ್ತ ಒಂದು ಕಣ್ಣನ್ನು ಟೀವಿಯ ಮೇಲಿಟ್ಟಿದ್ದ ಅಮ್ಮನನ್ನೇ ಕೇಳಿದಳು: "ಅಮ್ಮಾ, ಆ ಸೊಸೆ ಅಳ್ತಿದಾಳಲ್ಲ, ಅದು ನಿಜ ಅನ್ಸತ್ತಾ ನಿಂಗೆ?"

"ತಲೆ ಗಿಲೆ ಕೆಟ್ಟಿದ್ಯೇನೇ?" ಎಂದಿದ್ದಳು ಅಮ್ಮ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. "ಅವಳಿಗೆ ಸಂಬಳ ಕೊಡ್ತಾರೆ, ಅಳ್ತಾಳೆ. ನಾನು ಅತ್ರೆ ಯಾರು ಕೊಡ್ತಾರೆ? ಅದಕ್ಕೇ ಅವಳ ಜೊತೆ ಸೇರ್ಕೊಂಡು ಪುಕ್ಕಟೆ ಅತ್ಕೊಳ್ತೀನಿ."

'ಬಟ್ಟೆ ಹೊಲಿಯುವ ಗೃಹಿಣಿ' ಎಂಬ ಹೆಸರಿನಡಿ ಆ ಮಾತು ಅವಳು ಬರೆದ ಪುಸ್ತಕದ ಮೊದಲ ಪುಟ ಸೇರಿತು. ಸೆಮಿನಾರುಗಳಲ್ಲಿ ಅದನ್ನು ಓದಿದಾಗಲೆಲ್ಲ ಸಭೆ ಗೊಳ್ಳೆಂದು ನಗುತ್ತಿತ್ತು. ನೋಡುವವರು ಪೆದ್ದರಲ್ಲ, ಪರದೆ ಬರೀ ಪರದೆಯೆಂದು ಅವರಿಗೆ ಚೆನ್ನಾಗಿ ಗೊತ್ತು ಎಂಬುದೇ ಅವಳ ವಾದವಾಯಿತು. ಅದೇ ಅವಳ ಹೊಟ್ಟೆಪಾಡೂ ಆಯಿತು.

ಈಗ ಅದೇ ಅಮ್ಮನಿಗೆ ಮರೆವಿನ ಕಾಯಿಲೆ. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುತ್ತಿದ್ದಳು. ಆಮೇಲೆ ಬಚ್ಚಲು ಎಲ್ಲಿ ಎಂದಳು. ಕೊನೆಗೊಂದು ದಿನ ಕಾಫಿ ತಂದುಕೊಟ್ಟ ಮಗಳ ಮುಖ ನೋಡಿ, "ಅಯ್ಯೋ, ನಿಮಗ್ಯಾಕೆ ಸುಮ್ಮನೆ ತೊಂದರೆ" ಎಂದುಬಿಟ್ಟಳು. ಅಂದಿನಿಂದ ಮಗಳು ಯಾರೋ ಮನೆಯೊಡತಿ, ಅಮ್ಮ ಅಲ್ಲಿ ತಂಗಿರುವ ನೆಂಟಳು. ಒಮ್ಮೆ ಮಗಳ ಅಂಗಿಯ ತೋಳಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, "ಹೊಲಿಗೆ ಬಲು ಚೆನ್ನಾಗಿದೆ. ಎಲ್ಲಿ ಹೊಲಿಸಿದ್ರಿ?" ಎಂದು ಕೇಳಿದಳು. ಹೊಲಿದವಳು ಅಮ್ಮನೇ. "ನಮ್ಮಮ್ಮ ಹೊಲಿದುಕೊಟ್ಟಿದ್ದು" ಎಂದಳು ಮಗಳು. "ಪುಣ್ಯವಂತೆ ಕಣ್ರೀ ನೀವು" ಎಂದಳು ಅಮ್ಮ.

ಮಗಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತಳು. ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಯಾಗಿತ್ತು. ಅದು ವಾಸಿಯಾಗಲೆಂದು ಅವಳು ಬೇಡುತ್ತಲೂ ಇರಲಿಲ್ಲ. ಅಮ್ಮ ಕಣ್ಣು ಮುಚ್ಚುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ತನ್ನ ಮುಖ ನೋಡಿ ಪುಟ್ಟಿ ಎನ್ನಲಿ, ಅಷ್ಟು ಸಾಕಿತ್ತು. ಹುಟ್ಟಿದಾಗಿನಿಂದ ಅಮ್ಮ ಅವಳನ್ನು ಕರೆದ ಹೆಸರು ಅದು.

ಆ ಹೆಸರು ಅಮ್ಮನ ಬಾಯಲ್ಲಿ ಇರಲಿಲ್ಲವೆಂದಲ್ಲ. ದಿನಾ ಸಂಜೆ ಏಳಕ್ಕೆ ಕರೆಯುತ್ತಿದ್ದಳು. ಟೀವಿಯನ್ನು ನೋಡಿಕೊಂಡು ಕರೆಯುತ್ತಿದ್ದಳು.

ಏಳಕ್ಕೆ ಬರುವ ಧಾರಾವಾಹಿಯಲ್ಲಿ ಮನೆಯ ಕಿರಿಮಗಳೊಬ್ಬಳಿದ್ದಳು. ಕಥೆಯಲ್ಲಿ ಅವಳಿಗೆ ಬೇರೇನೋ ಹೆಸರು. ಅಮ್ಮನಿಗೆ ಅವಳೇ ಪುಟ್ಟಿ. ಆರೂವರೆಗೇ ಅಮ್ಮ ತಲೆ ಬಾಚಿಸಿಕೊಂಡು, ನೀಲಿ ಸ್ವೆಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂರುವಳು. ಕಂತಿನ ಕೊನೆಗೆ ಆ ಹುಡುಗಿ ನೇರ ಕ್ಯಾಮೆರಾದ ಕಡೆ ತಿರುಗಿ, "ಹೇಳಿ, ನಾನು ಮಾಡಿದ್ದು ತಪ್ಪಾ?" ಎಂದು ಕೇಳಿ ಸುಮ್ಮನಾಗುವಳು. ಆ ಮೌನದ ಮೇಲೆ ಫ್ರೇಮ್ ಮೇಡಂ ಒಂದು ಇಡೀ ಲೇಖನ ಬರೆದು ಗೇಲಿ ಮಾಡಿದ್ದಳು. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ, ಮುಖ ಹತ್ತಿರಕ್ಕೆ, ಹಿಂದಿರುವುದೆಲ್ಲ ಮಸುಕು, ಪ್ರಶ್ನೆ ಹಾಕಿ ಉತ್ತರಕ್ಕೆ ಜಾಗ ಬಿಡುವುದು. ಆದರೆ ಟೀವಿಗೆ ಉತ್ತರ ಕೊಡುತ್ತ ಕೂರುವ ಪೆದ್ದರು ಎಲ್ಲಿದ್ದಾರೆ ತೋರಿಸಿ ಎಂದು ಕೊನೆಯ ಸಾಲು.

ಅವಳ ಮನೆಯಲ್ಲೇ ಇದ್ದಳು. "ತಪ್ಪಲ್ಲ ಕಣೇ ಪುಟ್ಟೀ" ಎನ್ನುತ್ತಿದ್ದಳು ಅಮ್ಮ. "ಊಟ ಮಾಡಿದ್ಯಾ? ಮುಖ ಯಾಕೆ ಅಷ್ಟು ಬಾಡಿದೆ?"

ಒಂದು ಸಂಜೆ ಮಗಳು ತಡೆಯಲಾರದೆ ಅಮ್ಮನ ಮುಂದೆ ಮಂಡಿಯೂರಿ ಕೂತು, ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ಇಲ್ಲಿ ನೋಡು. ನಾನು. ನಾನು ಪುಟ್ಟಿ" ಎಂದಳು. ಅಮ್ಮ ಕತ್ತು ಅತ್ತಿತ್ತ ವಾಲಿಸಿ, ಬಲು ಸಂಕೋಚದಿಂದ, "ಒಂಚೂರು ಸರೀತೀರಾ? ಮಗು ಕಾಣಿಸ್ತಿಲ್ಲ" ಎಂದಳು. ಸರಿದಳು. ಇನ್ನೇನು ತಾನೇ ಮಾಡಿಯಾಳು?

ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಬೇಕು? ಯಾವಳೋ ಬಣ್ಣ ಬಳಿದುಕೊಂಡ ಹುಡುಗಿ. ಇಂಥ ಮುದುಕಿಯೊಬ್ಬಳು ಇದ್ದಾಳೆಂಬುದೂ ಅವಳಿಗೆ ತಿಳಿಯದು. ಮೈ ತೊಳೆಸಿ, ಹಾಸಿಗೆ ಬದಲಿಸಿ, ಉಗುರು ಕತ್ತರಿಸುವ ಸ್ವಂತ ಮಗಳಿಗೆ ಸಿಗದ್ದು ಅವಳಿಗೆ ಕೂತಲ್ಲೇ ಸಿಗುತ್ತಿತ್ತು. ಆ ವಾರವೇ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, "ಮೇಡಂ, ಪುಕ್ಕಟೆ ಅತ್ಕೊಳ್ತೀನಿ ಅಂದ್ರಲ್ಲ ಒಬ್ಬರು, ಅವರೀಗ ಏನು ನೋಡ್ತಾರೆ?" ಎಂದು ಕೇಳಿದಳು. ಫ್ರೇಮ್ ಮೇಡಂ "ಇವತ್ತಿಗೆ ಇಷ್ಟು ಸಾಕು" ಎಂದು ಗಂಟೆ ಹೊಡೆಯುವ ಮೊದಲೇ ತರಗತಿ ಬಿಟ್ಟಳು.

ಅಮ್ಮನನ್ನು ನೋಡಿಕೊಳ್ಳಲು ಬೆಳಿಗ್ಗೆಯಿಂದ ರಾತ್ರಿ ಊಟದ ಹೊತ್ತಿನವರೆಗೆ ಒಬ್ಬಾಕೆ ಬರುತ್ತಿದ್ದಳು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುವರು. ಬಾಯಿ ಜೋರು, ಕೈ ಮೆತ್ತಗೆ. ಒಂದು ಸಂಜೆ ಅವಳು ಬಾಗಿಲಲ್ಲೇ ನಿಂತು, "ಮೇಡಂ, ಕೆಟ್ಟಿತು ಕೆಲಸ. ಆ ಸೀರಿಯಲ್ಲು ಈ ವಾರ ಮುಗಿಯತ್ತಂತೆ" ಎಂದಳು.

ಮುಗಿಯಿತು. ಆ ಹುಡುಗಿ ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿ ಹೋದಳು. ಮರುದಿನ ಏಳಕ್ಕೆ ಟೀವಿಯಲ್ಲಿ ಬಿಳಿ ಟೋಪಿ ಹಾಕಿಕೊಂಡ ನಾಲ್ಕು ಜನ ಪೈಪೋಟಿಯ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು. "ಪುಟ್ಟಿ ಎಲ್ಲಿ? ಇವರ್ಯಾರು?" ಎಂದಳು ಅಮ್ಮ. ಹಳೆಯ ಕಂತುಗಳನ್ನು ಹುಡುಕಿ ಹಾಕಿದರೆ, "ಇದು ಅವತ್ತೇ ಆಗಿದ್ದಲ್ವಾ" ಎಂದು ಮುಖ ತಿರುಗಿಸಿದಳು. ಮಗಳ ಮುಖ ಮರೆತವಳಿಗೆ ಕಂತುಗಳು ಮರೆತಿರಲಿಲ್ಲ, ಏನು ಕರ್ಮವೋ! ಅಂದಿನಿಂದ ತುತ್ತು ಮುಟ್ಟಲಿಲ್ಲ. ಚಮಚ ಹತ್ತಿರ ತಂದರೆ ಹಲ್ಲು ಕಚ್ಚಿ ಹಿಡಿಯುವಳು. ನೀಲಿ ಸ್ವೆಟರಿನೊಳಗೆ ಜೀವ ಹಿಡಿಯಷ್ಟಾಯಿತು. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದರು.

ಆಗ ಮಗಳಿಗೆ ಒಂದು ಉಪಾಯ ಹೊಳೆಯಿತು. ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ, ಬೇರೆ ಯಾರಿಗೂ ಬರುತ್ತಲೂ ಇರಲಿಲ್ಲ. ನಡುಮನೆಯ ಟೀವಿಗೆ ಒಂದು ಫೋನು ಜೋಡಿಸಿ, ಅದರ ಕ್ಯಾಮೆರಾವನ್ನು ಅಮ್ಮನ ಕುರ್ಚಿಯ ಕಡೆ ತಿರುಗಿಸಿಟ್ಟಳು. ಒಳಕೋಣೆಯಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ತನ್ನ ಫೋನನ್ನು ಕಣ್ಣಿನ ಮಟ್ಟಕ್ಕೆ ನಿಲ್ಲಿಸಿದಳು; ಅವಳು ಬರೆದ ಪುಸ್ತಕವೂ ಆ ರಾಶಿಯಲ್ಲಿತ್ತು. ಹಿಂದೆ ಬರಿಯ ಪರದೆ ಇಳಿಬಿಟ್ಟು, ಎಡಗಡೆ ಟೇಬಲ್ ಲ್ಯಾಂಪ್ ಇಟ್ಟು, ಕೂದಲನ್ನು ಆ ಹುಡುಗಿಯಂತೆ ಹಿಂದಕ್ಕೆ ಬಿಗಿದು ಕಟ್ಟಿದಳು.

"ಈ ವಯಸ್ಸಲ್ಲಿ ಹೀರೋಯಿನ್ನಾ ಮೇಡಂ?" ಎಂದಳು ದೊಡ್ಡಕ್ಕ. ತಮಾಷೆಗೆ ಅಂದದ್ದು, ಆದರೆ ಇಬ್ಬರಿಗೂ ನಗು ಬರಲಿಲ್ಲ.

ಒಂದು ತೊಡಕಿತ್ತು. ಇವಳು ತನ್ನನ್ನೇ ನೋಡುತ್ತಿದ್ದಾಳೆ ಎಂದು ಅಮ್ಮನಿಗೆ ಅನ್ನಿಸಬೇಕಾದರೆ ಇವಳು ಲೆನ್ಸನ್ನೇ ದಿಟ್ಟಿಸಬೇಕು. ಲೆನ್ಸನ್ನು ದಿಟ್ಟಿಸಿದರೆ, ಅದರ ಕೆಳಗೆ ಫೋನಿನಲ್ಲಿ ಕಾಣುವ ಅಮ್ಮನ ಮುಖ ನೋಡುವಂತಿಲ್ಲ. ಇದನ್ನೂ ಅವಳು ವರ್ಷ ವರ್ಷವೂ ಪಾಠ ಮಾಡಿಕೊಂಡು ಬಂದವಳೇ.

ಏಳಾಯಿತು. ಆ ಫೋನಿಗೆ ವಿಡಿಯೋ ಕಾಲ್ ಮಾಡಿದಳು. "ಅಮ್ಮಾ, ನಾನು ಬಂದೆ. ಊಟ ಮಾಡಿದ್ಯಾ?" ಎಂದು ಕೇಳಿ ಸುಮ್ಮನಾದಳು. ಉತ್ತರಕ್ಕೆ ಜಾಗ ಬಿಟ್ಟಳು.

"ಪುಟ್ಟೀ!" ಗೋಡೆಯಾಚೆಯಿಂದ ಒಮ್ಮೆ, ಫೋನಿನಿಂದ ಇನ್ನೊಮ್ಮೆ ಕೇಳಿಸಿತು. "ಎಲ್ಲೇ ಹಾಳಾಗಿ ಹೋಗಿದ್ದೆ ಇಷ್ಟು ದಿನ? ಬಸ್ಸಿಂದ ಇಳಿದ್ಯಾ? ನೋಡು, ಎಷ್ಟು ಸೊರಗಿದ್ದೀಯ!"

ಬೇಡಿದ್ದು ಸಿಕ್ಕಿತು. ಮುಖ ನೋಡಿಯೇ ಕರೆದಿದ್ದಳು, ಬೈದಿದ್ದಳು, ಸೊರಗಿದ್ದೀಯ ಎಂದಿದ್ದಳು. ದೊಡ್ಡಕ್ಕ ಹಾಲಲ್ಲಿ ನೆನೆಸಿದ ಬ್ರೆಡ್ಡನ್ನು ಬಾಯಿಗಿಟ್ಟರೆ ತಕರಾರಿಲ್ಲದೆ ತಿಂದಳು. ಕಾಲ್ ಮುಗಿದದ್ದೇ ಮಗಳು ಬಾಗಿಲು ತೆಗೆದುಕೊಂಡು ನಡುಮನೆಗೆ ಓಡಿಬಂದು ಅಮ್ಮನ ಕಾಲ ಬಳಿ ಕೂತಳು. ಅಮ್ಮನ ಕಣ್ಣಲ್ಲಿ ಇನ್ನೂ ಸಂತೋಷ ಆರಿರಲಿಲ್ಲ. "ನನ್ನ ಮಗಳು ಬಂದಿದ್ಳು ಕಣ್ರೀ" ಎಂದಳು. "ನೀವು ಒಂಚೂರು ಮುಂಚೆ ಬಂದಿದ್ರೆ ಪರಿಚಯ ಮಾಡಿಸ್ತಿದ್ದೆ."

ಆದರೂ ದಿನಾ ಸಂಜೆ ಕೂತಳು. ಟೀವಿಯಲ್ಲಿ ಮಗಳಾದರೂ ಸರಿ, ಅಮ್ಮ ಉಣ್ಣುತ್ತಿದ್ದಾಳಲ್ಲ ಎಂದು ಸಮಾಧಾನ ಹೇಳಿಕೊಂಡಳು. ಅಮ್ಮ ಮೈಕೈ ತುಂಬಿಕೊಂಡಳು. ಹೀಗೇ ನೋಡುತ್ತ ನೋಡುತ್ತ ಒಂದು ದಿನ ಟೀವಿಯ ಮುಖವೂ ಈ ಮುಖವೂ ಒಂದೇ ಎಂದು ಹೊಳೆದೀತು ಎಂಬ ಆಸೆ ಒಳಗೊಳಗೇ ಕುಡಿಯೊಡೆದಿತ್ತು. ಆಸೆಗೇನು, ನಾಚಿಕೆಯೇ ಇಲ್ಲ.

ಒಂದು ಸಂಜೆ ಅಮ್ಮ ದನಿ ತಗ್ಗಿಸಿದಳು. "ಪುಟ್ಟೀ, ಹತ್ತಿರ ಬಾ. ಒಂದು ಮಾತು ಹೇಳ್ಬೇಕು."

ಇವಳು ಲೆನ್ಸಿನ ಹತ್ತಿರಕ್ಕೆ ಬಾಗಿದಳು.

"ಈ ಮನೇಲಿ ಒಬ್ಬಳಿದಾಳೆ ಕಣೇ. ಹೊತ್ತಲ್ಲದ ಹೊತ್ತಲ್ಲಿ ಬರ್ತಾಳೆ. ನನ್ನ ಬಟ್ಟೆ ಬಿಚ್ಚಿಸ್ತಾಳೆ, ಮೈ ಮುಟ್ತಾಳೆ. ಕೈ ಹಿಡ್ಕೊಂಡು ಅಳ್ತಾಳೆ. ನಾನು ನಿನ್ನ ಮಗಳು ಅಂತಾಳೆ! ನಂಗೆ ಹೆದರಿಕೆ ಆಗತ್ತೆ. ಮಗಳಾಗಿದ್ರೆ ಹೆತ್ತವಳಿಗೆ ಗೊತ್ತಾಗಲ್ವೇನೇ?"

ಇವಳ ಕಣ್ಣು ಲೆನ್ಸಿನ ಮೇಲೇ ಇತ್ತು.

"ಅವಳನ್ನ ಕಳಿಸಿಬಿಡು ಪುಟ್ಟೀ. ಅವಳಿರೋ ಮನೇಲಿ ನಂಗೆ ತುತ್ತು ಇಳಿಯಲ್ಲ. ಕಳಿಸ್ತೀಯಾ?"

ಈಗ ಉತ್ತರಕ್ಕೆ ಜಾಗ ಬಿಟ್ಟವಳು ಅಮ್ಮ. ನಡುಮನೆಯಲ್ಲಿ ದೊಡ್ಡಕ್ಕ ಚಮಚ ಎತ್ತಿ ಹಿಡಿದವಳು ಹಾಗೇ ಕೂತಿದ್ದಳು.

"ಆಯ್ತಮ್ಮ. ಕಳಿಸ್ತೀನಿ. ನೀನು ಊಟ ಮಾಡು."

"ನಿಮಗೇನು ಹುಚ್ಚಾ ಮೇಡಂ?" ಎಂದು ಆಮೇಲೆ ಅಡಿಗೆಮನೆಯಲ್ಲಿ ದೊಡ್ಡಕ್ಕ ಹರಿಹಾಯ್ದಳು. "ನಿಮ್ಮ ಮನೇಲಿ ನೀವೇ ಕಳ್ಳರ ಹಾಗೆ ಓಡಾಡ್ತೀರಾ? ಕಾಯಿಲೆಯೋರ ಮಾತನ್ನ ಯಾರಾದ್ರೂ ತಲೆಗೆ ಹಾಕ್ಕೊಳ್ತಾರಾ?" ಬೈಯುತ್ತ ಬೈಯುತ್ತ ಅವಳೂ ಕಣ್ಣೊರೆಸಿಕೊಂಡಳು. ಮರುದಿನದಿಂದ ತನ್ನ ಬಟ್ಟೆಗಂಟು ತಂದು ಅಲ್ಲೇ ಉಳಿದಳು.

ಮಗಳು ಒಳಕೋಣೆ ಸೇರಿದಳು. ಅಮ್ಮ ಸ್ನಾನಕ್ಕೆ ಹೋದಾಗ ಚಪ್ಪಲಿ ಕೈಯಲ್ಲಿ ಹಿಡಿದು ಕಾಲೇಜಿಗೆ ಹೊರಡುವಳು. ಸಂಜೆ ಅಮ್ಮನಿಗೆ ಒಂದು ಜೋಂಪು ಹತ್ತಿದಾಗ ದೊಡ್ಡಕ್ಕ ಸನ್ನೆ ಮಾಡಿದರೆ ಒಳಗೆ ಬರುವಳು. ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತುವಳು. ಗೋಡೆಯಾಚೆ ಅಮ್ಮ ಎಡವಿದ ಸದ್ದು ಕೇಳಿದರೂ, ನರಳಿದ್ದು ಕೇಳಿದರೂ ಎದ್ದು ಹೋಗುವಂತಿರಲಿಲ್ಲ. ಅಮ್ಮನ ಮೈ ಮುಟ್ಟಿ ಎಷ್ಟು ದಿನವಾಯಿತೆಂದು ಲೆಕ್ಕ ಇಡುವುದನ್ನೂ ಬಿಟ್ಟಳು. ತರಗತಿಯಲ್ಲಿ, ಹೊರಗೆ ಯಾರನ್ನು ಬಿಟ್ಟಿದ್ದಾರೆ ಎಂದು ಕೇಳುವುದನ್ನೂ ಬಿಟ್ಟಳು. ಮೇಡಂ ಯಾಕೋ ಮಂಕಾಗಿದ್ದಾರೆ ಎಂದು ಹುಡುಗರು ಮಾತಾಡಿಕೊಂಡರು.

ಸಂಜೆ ಏಳಕ್ಕೆ ಮಾತ್ರ ತಲೆ ಬಾಚಿ, ದೀಪ ಹಚ್ಚಿ, ಲೆನ್ಸಿನ ಮುಂದೆ ಕೂರುವಳು.

"ಪುಟ್ಟೀ" ಎಂದಳು ಅಮ್ಮ ಒಂದು ದಿನ, "ಆ ಹೆಂಗಸು ಹೊರಟೇಹೋದ್ಳು ಕಣೇ."

"ಹೂಂ ಅಮ್ಮ. ಇನ್ನು ಹೆದರ್ಬೇಡ."

"ಕೆಟ್ಟವಳೇನಲ್ಲ, ಪಾಪ. ಕೈ ಬೆಚ್ಚಗಿತ್ತು. ಉಗುರು ಕತ್ತರಿಸಿದ್ರೆ ಒಂದು ದಿನಾನೂ ನೋಯಿಸ್ಲಿಲ್ಲ." ಅಮ್ಮ ಒಂದು ತುತ್ತು ನುಂಗಿದಳು. "ಒಂದೇ ಬೇಜಾರು. ಅವಳಿಗೂ ಹೆತ್ತ ತಾಯಿ ಅಂತ ಒಬ್ಬಳು ಎಲ್ಲೋ ಇರ್ತಾಳಲ್ವಾ? ಅವಳನ್ನ ಒಂಟಿ ಬಿಟ್ಟು ಬಂದು ಇಲ್ಲಿ ನನ್ನ ಮೈ ತೊಳೀತಾ ಕೂತಿದ್ಳು. ಆ ತಾಯಿ ಎಷ್ಟು ದಾರಿ ನೋಡ್ತಿದಾಳೋ ಏನೋ. ನಿಂಗೆಲ್ಲಾದ್ರೂ ಸಿಕ್ಕಿದ್ರೆ ಹೇಳು, ಮನೆಗೆ ಹೋಗಮ್ಮಾ ಅಂತ."

ಒಂದು ಸಲ, ಒಂದೇ ಸಲ ಕಣ್ಣು ಕೆಳಗಿಳಿಸಿ ಫೋನಿನಲ್ಲಿ ಅಮ್ಮನ ಮುಖ ನೋಡಬೇಕೆಂದು ಅವಳ ಜೀವ ಹಾತೊರೆಯಿತು. ಇಳಿಸಿದರೆ ಅಲ್ಲಿ ಟೀವಿಯಲ್ಲಿ ಪುಟ್ಟಿಯ ನೋಟ ತಪ್ಪುತ್ತದೆ. ಅಮ್ಮ ಗಾಬರಿಯಾಗುತ್ತಾಳೆ, ಚಮಚ ತಳ್ಳುತ್ತಾಳೆ. ಲೆನ್ಸಿನ ಕರಿ ಚುಕ್ಕೆಯನ್ನೇ ದಿಟ್ಟಿಸಿದಳು.

"ಹೇಳ್ತೀನಮ್ಮ" ಎಂದಳು.

ಗೋಡೆಯಾಚೆ ದೊಡ್ಡಕ್ಕ "ಆ ಅನ್ನಿ" ಎನ್ನುವುದು ಕೇಳಿಸಿತು. ಆ ದಿನ ಅಮ್ಮ ಬಟ್ಟಲು ಖಾಲಿ ಮಾಡಿದಳು.