ಕಾಯಿ ಬಿಡದ ಈಚಲು

ಒಂದು ಪೊರಕೆಗೆ ಏನೇನು ಬೀಳುತ್ತದೆ ಎಂದು ಕೇಳಿದರೆ ಎರ್ರಮ್ಮ ಬೆರಳು ಮಡಚಿ ಹೇಳುತ್ತಿದ್ದಳು. ಕರಡಿಗುಡ್ಡ ಹತ್ತಿ ಇಳಿಯಲು ಅರ್ಧ ದಿನ, ಎರಡು ಗಿಡದ ಗರಿ, ಮೂರು ದಿನದ ಬಿಸಿಲು, ಸೀಳುವಾಗ ಕೈಗೆ ನೆಡುವ ಏಳೆಂಟು ಮುಳ್ಳು. ಇಷ್ಟಾದ ಮೇಲೆ ಹರಪನಹಳ್ಳಿ ಸಂತೆಯಲ್ಲಿ ಅದಕ್ಕೆ ನಾಲ್ಕು ರೂಪಾಯಿ. ಕೊಳ್ಳುವವಳು ಗಟ್ಟಿಗಿತ್ತಿಯಾದರೆ ಮೂರು.

ಆ ಗರಿಯ ಗಿಡ ಗುಡ್ಡದ ನೆತ್ತಿಯಲ್ಲಿ, ಬಂಡೆಗಳ ಸಂದಿನಲ್ಲಿ ಬೆಳೆಯುವ ಕಿರೀಚಲು, ಕುಳ್ಳ ಜಾತಿಯ ಈಚಲು. ಹಳ್ಳದ ದಂಡೆಯ ಹೆಂಡದ ಈಚಲಿನಂತೆ ಮುಗಿಲು ಮುಟ್ಟುವುದಿಲ್ಲ, ಆಳೆತ್ತರವಾದರೆ ಹೆಚ್ಚು. ಗುಡ್ಡಕ್ಕೆ ಬೆಂಕಿ ಬಿದ್ದರೂ ಕರಿಕಾದ ಬೊಡ್ಡೆಯಿಂದ ಹದಿನೈದು ದಿನಕ್ಕೆ ಹಸಿರು ಸುಳಿ ಹೊರಡುತ್ತದೆ. ಗುಡ್ಡದ ಬುಡದಲ್ಲಿದ್ದ ಆರು ಮನೆಗಳು ಅದನ್ನೇ ನಂಬಿದ್ದವು. ಯಾವ ತಿಂಗಳು ಕೊಯ್ಯಬೇಕು, ಯಾವ ಮಗ್ಗುಲು ಬಿಡಬೇಕು ಎಂಬುದನ್ನು ಹಿರಿಯಳಾದ ಎರ್ರಮ್ಮನೇ ಹೇಳಬೇಕು. ಉಳಿದವರು ಕೇಳುತ್ತಿದ್ದರು.

ತೊಂಬತ್ತಾರರಲ್ಲಿ ಕೊಟ್ಟೂರಿನ ವ್ಯಾಪಾರಿ ಪಂಚಾಕ್ಷರಪ್ಪ ಟೆಂಪೊ ತಂದು ನಿಲ್ಲಿಸಿದ. ಅವನಿಗೆ ಗರಿ ಬೇಡ, ಬೊಡ್ಡೆಯೊಳಗಿನ ಬಿಳಿ ತಿರುಳು ಬೇಕು. ಪಟ್ಟಣದ ಬಸ್‌ಸ್ಟ್ಯಾಂಡುಗಳಲ್ಲಿ ಅದನ್ನು ಹೋಳು ಮಾಡಿ ತಿನ್ನಲು ಮಾರುತ್ತಾರೆ.

"ಗಿಡಕ್ಕ ಹನ್ನೆರಡು ರೂಪಾಯಿ. ಕಡದು ಕೊಡ್ರಿ ಸಾಕು. ಸೀಳಾದು ಬ್ಯಾಡ, ಒಣಗಿಸಾದು ಬ್ಯಾಡ."

"ಕಡದ್ರ ಗಿಡ ಸಾಯ್ತೈತಪ್ಪಾ," ಎಂದಳು ಎರ್ರಮ್ಮ.

"ಅದಕ್ಕ ಹನ್ನೆರಡು ಅಂದಿದ್ದು. ಬದುಕೋ ಹಂಗಿದ್ರ ನಾಕಽ ಕೊಡ್ತಿದ್ದೆ."

ಎಲ್ಲರೂ ನಕ್ಕರು. ಪಕ್ಕದ ಮನೆಯ ಚೌಡಕ್ಕ ನಗಲಿಲ್ಲ. "ಏ ಎರ್ರಿ, ನಿನ್ನ ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ. ನನ್ನ ಮನಿ ಜಂತಿ ಮಾತ್ರ ಈ ಮಳಿಗೆ ತಲಿ ಮ್ಯಾಲೆ ಬೀಳ್ತೈತಿ."

ಎರ್ರಮ್ಮ ಎರಡು ದಿನ ಗುಡ್ಡದ ಮೇಲೆ ಒಬ್ಬಳೇ ತಿರುಗಿದಳು. ಅರ್ಧ ಗಿಡಗಳಲ್ಲಿ ಹಣ್ಣಿನ ಗೊನೆ ತೂಗುತ್ತಿತ್ತು. ಇನ್ನರ್ಧ ಎಂದೂ ಕಾಯಿ ಬಿಟ್ಟವಲ್ಲ. ಇಳಿದು ಬಂದು ತೀರ್ಮಾನ ಹೇಳಿದಳು: "ಕಾಯಿ ಬಿಡೋ ತಾಯಿಗಿಡ ಒಂದೂ ಮುಟ್ಟಬ್ಯಾಡ್ರಿ. ಗೊಡ್ಡು ಕಡೀರಿ." ಯಾರ ಕೈಯೂ ತಪ್ಪಬಾರದೆಂದು ತಾನೇ ತಾಯಿಗಿಡಗಳಿಗೆಲ್ಲ ಕೆಂಪು ಚಿಂದಿ ಕಟ್ಟಿದಳು. ಎಲ್ಲರಿಗೂ ಅದು ನ್ಯಾಯವಾಗಿ ಕಂಡಿತು.

ಮೂರು ವರ್ಷದಲ್ಲಿ ಗೊಡ್ಡು ಗಿಡಗಳೆಲ್ಲ ಟೆಂಪೊ ಹತ್ತಿದವು. ಆರು ಮನೆಗೂ ತಗಡು ಬಿತ್ತು. ಪಂಚಾಕ್ಷರಪ್ಪ ಒಂದು ಪೈಸೆ ಮೋಸ ಮಾಡಲಿಲ್ಲ.

ಅದರ ಮರುವರ್ಷ ತಾಯಿಗಿಡಗಳಲ್ಲಿ ಹೂವು ಬಂತು, ಕಾಯಿ ನಿಲ್ಲಲಿಲ್ಲ. ಜೋಳದ ಕಾಳಿನಷ್ಟಾಗಿ ಒಣಗಿ ಉದುರಿದವು. ಮಳೆ ಸಾಲದಾಯಿತು ಎಂದುಕೊಂಡಳು ಎರ್ರಮ್ಮ. ಮುಂದಿನ ವರ್ಷ ಮಳೆ ಚೆನ್ನಾಗಿ ಬಂತು, ಕಾಯಿ ಬರಲಿಲ್ಲ. ಬಂಡೆಯ ಸಂದಿನಲ್ಲಿ ಹೊಸ ಸಸಿಯೂ ಇಲ್ಲ. ಇದ್ದ ಗಿಡ ಮುದಿಯಾಗಿ ಸತ್ತರೆ ಅಲ್ಲಿಗೆ ಗುಡ್ಡ ಬರಿದು.

ಅದರಾಚೆಯ ಮಾಗಿಯಲ್ಲಿ ಕುರಿ ಮೇಯಿಸುತ್ತಿದ್ದ ಮೈಲಪ್ಪ ಗುಡ್ಡದ ಮೇಲೆ ಸಿಕ್ಕ.

"ನನ್ನ ಕಂಬಳಿ ನೋಡಬೇ," ಎಂದ. "ಮಾಗ್ಯಾಗ ಈ ಗಿಡದ ಸಂದ್ಯಾಗ ತಿರುಗಿದ್ರ ಹಿಟ್ಟು ಚೆಲ್ಲಿದಂಗ ಬೆಳ್ಳಗ ಆಗ್ತಿತ್ತು. ಈಗ ಕರೇ ಕಂಬಳಿ ಕರ್ರಗಽ ಐತಿ."

"ಯಾವ ಹಿಟ್ಟು?"

"ಹೂವಿಂದು. ನೀವು ಕಡದ್ರಲ್ಲ, ಆ ಗಿಡದ್ದು."

ಎರ್ರಮ್ಮ ಕುಡುಗೋಲು ಕೆಳಗಿಟ್ಟಳು.

"ಗೊಡ್ಡಲ್ಲಬೇ ಅವು, ಗಂಡು! ಟಗರು ಈಯಲ್ಲ ಅಂತ ಹಟ್ಟ್ಯಾಗಿನ ಟಗರೆಲ್ಲ ಕೊಯ್ಕೊಂಡು ತಿಂದು, ಕುರಿ ಯಾಕ ಮರಿ ಹಾಕವಲ್ವು ಅಂತ ಕುಂತಂಗಾತು."

"ಇಷ್ಟು ವರ್ಷ ಬಾಯಾಗ ಏನು ತುರುಕ್ಕೊಂಡಿದ್ದ್ಯೋ ಮೂಳ?"

"ನನಗೂ ಇವತ್ತು ಕಂಬಳಿ ಜಾಡಿಸಿದಾಗಽ ಹೊಳೀತು."

ಅವನ ಮೇಲೆ ಸಿಟ್ಟು ಮಾಡಿ ಫಲವಿರಲಿಲ್ಲ. ಕಡಿಯಿರಿ ಎಂದವಳು ತಾನು. ಮರುದಿನದಿಂದ ಬುತ್ತಿ ಕಟ್ಟಿಕೊಂಡು ಸುತ್ತಲಿನ ಗುಡ್ಡ ಹುಡುಕಿದಳು. ಪಂಚಾಕ್ಷರಪ್ಪನ ಟೆಂಪೊ ಅಲ್ಲಿಗೂ ಹೋಗಿತ್ತು. ಐದನೆಯ ದಿನ, ಮೂರು ಹರದಾರಿಯಾಚೆ, ಕೊಡಲಿ ಹಿಡಿದವನಿಗೆ ಕಾಲಿಡಲು ಜಾಗವಿಲ್ಲದ ಒಂದು ಕೊರಕಲಿನಲ್ಲಿ ಎರಡು ಗಂಡು ಗಿಡ ಸಿಕ್ಕವು. ಹೂವಿನ ತೆನೆ ಆಗಷ್ಟೇ ಒಡೆದಿತ್ತು. ಜೊತೆಗೆ ಬಂದಿದ್ದ ಚೌಡಕ್ಕ ಮೇಲಿನಿಂದ ಹಗ್ಗ ಹಿಡಿದಳು, ಎರ್ರಮ್ಮ ಇಳಿದಳು. ತೆನೆಗಳನ್ನು ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿ, ಗಾಳಿ ತಾಕದಂತೆ ಎದೆಗವಚಿಕೊಂಡು ತಂದು, ಕರಡಿಗುಡ್ಡದ ತಾಯಿಗಿಡಗಳ ಮೇಲೆ ಒಂದೊಂದಾಗಿ ಜಾಡಿಸಿದರು.

"ಈ ವಯಸ್ಸಿನ್ಯಾಗ ಗಿಡಕ್ಕ ಮದುವಿ ಮಾಡಾಕ ಹೊಂಟೀವಲ್ಲೇ ಎರ್ರಿ, ನಮಗ ಸೀರಿ ಆಯೇರಿ ಯಾರು ಮಾಡ್ತಾರ?" ಎಂದಳು ಚೌಡಕ್ಕ.

"ಸುಮ್ಮನ ಹಿಡಿ. ಹಿಟ್ಟು ಚೆಲ್ತೈತಿ."

ಸಾವಿರದ ನಾನೂರು ತಾಯಿಗಿಡಗಳಲ್ಲಿ ಇಪ್ಪತ್ತಾರಕ್ಕೆ ಮಾತ್ರ ಹಿಟ್ಟು ಸಾಲಿತು. ಆ ಬೇಸಿಗೆ ಅವುಗಳಲ್ಲಿ ಹಣ್ಣಾಯಿತು. ಒಂದನ್ನೂ ತಿನ್ನಗೊಡದೆ ಬೀಜವನ್ನೆಲ್ಲ ಅವಳೇ ಬಂಡೆಯ ಸಂದಿಗೆ ಊರಿದಳು.

ಎರಡು ಮಳೆಗಾಲ ಕಳೆದ ಮೇಲೆ ಬದುಕಿ ನಿಂತದ್ದು ಹದಿನೇಳು ಸಸಿ. ಹೂವು ಬಿಟ್ಟ ಹೊರತು ಗಂಡು ಯಾವುದು, ಹೆಣ್ಣು ಯಾವುದು ತಿಳಿಯುವುದಿಲ್ಲ. ಅದಕ್ಕೆ ಇನ್ನೂ ಆರೇಳು ವರ್ಷ ಬೇಕು. ಕಡಿದದ್ದು ಸಾವಿರದ ಮುನ್ನೂರು. ಎರ್ರಮ್ಮನಿಗೆ ಆಗ ಅರವತ್ತೆರಡು ವರ್ಷ.